ಕಾಲು ಕೊಟ್ಟ ಮೇಲಿನ ಕೆಲಸ

ಋಗ್ವೇದದಲ್ಲಿ ವಿಶ್ಪಲೆಯ ಪ್ರಸ್ತಾಪ ಬರುತ್ತದೆ. ಯುದ್ಧದಲ್ಲಿ ಅವಳ ಕಾಲು ತುಂಡಾಯಿತು, ಅಶ್ವಿನಿ ದೇವತೆಗಳು ಲೋಹದ ಕಾಲೊಂದನ್ನು ಜೋಡಿಸಿ ಅವಳನ್ನು ಮತ್ತೆ ನಡೆಸಿದರು ಎಂದು ಸಾಂಪ್ರದಾಯಿಕ ವ್ಯಾಖ್ಯಾನಕಾರರು ಹೇಳುತ್ತಾರೆ. ಆ ಕಾಲನ್ನು ಆಮೇಲೆ ರಿಪೇರಿ ಮಾಡಿದವರು ಯಾರು ಎಂಬ ಮಾತೇ ಅಲ್ಲಿಲ್ಲ. ದೇವತೆಗಳು ಕೊಟ್ಟ ಕಾಲು, ಸವೆದಿರಲಿಕ್ಕಿಲ್ಲ!

ಮನುಷ್ಯರು ಮಾಡಿದ ಕಾಲು ಮಾತ್ರ ಸವೆಯುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಹೊಸ ಕಾಲು ಬೇಕಾಗುತ್ತದೆ. ಬೆಳೆಯುವ ಮಗುವಿಗೆ ಆರೇ ತಿಂಗಳಲ್ಲಿ ಅಳತೆ ಬದಲಾಗಬಹುದು. ನಡುವೆ ಪಟ್ಟಿ ಹರಿಯುತ್ತದೆ, ಉಳಿದ ಮೋಟುಗಾಲು ಸಣ್ಣಗಾಗಿ ಅದನ್ನು ಹಿಡಿದಿಡುವ ಸಾಕೆಟ್ ಸಡಿಲವಾಗುತ್ತದೆ, ಚರ್ಮ ಉಜ್ಜಿ ಹುಣ್ಣಾಗುತ್ತದೆ. ಆಗ ಕೃತಕ ಕಾಲು ಮನೆಯ ಅಟ್ಟ ಸೇರುತ್ತದೆ. ಆದ್ದರಿಂದ ಕೃತಕ ಕಾಲಿನ ಇತಿಹಾಸವನ್ನು ಅದನ್ನು ಕಂಡುಹಿಡಿದವರ ಕಥೆಯಾಗಿ ಮಾತ್ರ ನೋಡಿದರೆ ಅರ್ಧವೇ ಕಂಡಂತೆ. ಉಳಿದರ್ಧ, ಕಾಲು ಕೊಟ್ಟ ಮೇಲಿನ ಕೆಲಸದ ಕಥೆ. ಇವತ್ತು ಅದರ ಬಗ್ಗೆ ಒಂದಿಷ್ಟು ಮಾತು.

ಕೃತಕ ಕಾಲು ಮಾಡುವ ವಿದ್ಯೆಯನ್ನು ಬೆಳೆಸಿದ್ದು ಬಹುಮಟ್ಟಿಗೆ ಯುದ್ಧಗಳೇ. ನಮ್ಮಲ್ಲೂ ಹಾಗೆಯೇ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ 1944ರಲ್ಲಿ ಪುಣೆಯಲ್ಲಿ ಕೃತಕ ಅವಯವ ಕೇಂದ್ರ ಶುರುವಾಯಿತು. ಸೈನಿಕರಿಗೆ ಒಂದು ನೆಲೆ ಸಿಕ್ಕಿತು. ಆದರೆ ರೈಲಿಗೆ ಸಿಕ್ಕು ಕಾಲು ಕಳೆದುಕೊಂಡ ಕೂಲಿಗೆ, ಪೋಲಿಯೋ ಬಂದ ಮಗುವಿಗೆ ಎಲ್ಲಿಯ ನೆಲೆ?

ಉತ್ತರ ಹುಡುಕಿದವರಲ್ಲಿ ಒಬ್ಬರು ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್. 1954ರಲ್ಲಿ ವಾಹನ ಅಪಘಾತವಾಗಿ ಅವರ ಸೊಂಟದ ಕೆಳಗಿನ ಬಲವೆಲ್ಲ ಹೋಯಿತು. ಅವರು ಗಾಲಿ ಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯವನ್ನು ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ರೋಗಿಗಳು ಒಳಗೇ ಇದ್ದು ಮತ್ತೆ ಬದುಕು ಕಲಿಯುವ ಸಂಸ್ಥೆ ತೆರೆಯಿತು. ಗಾಯ ಮಾಯ್ದ ಕೂಡಲೇ ಚಿಕಿತ್ಸೆ ಮುಗಿಯಿತು ಎಂದುಕೊಂಡಿದ್ದ ಕಾಲ ಅದು. ಚಿಕಿತ್ಸೆ ಅಲ್ಲಿಂದಲೇ ಆರಂಭ ಎಂದು ಮೇರಿ ವರ್ಗೀಸ್ ತೋರಿಸಿಕೊಟ್ಟರು.

ಈಗ ಜೈಪುರಕ್ಕೆ ಬರೋಣ. ಅಲ್ಲಿನ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆವೈದ್ಯರಾಗಿದ್ದವರು ಡಾಕ್ಟರ್ ಪ್ರಮೋದ್ ಕರಣ್ ಸೇಠಿ. ವಿದೇಶಿ ಮಾದರಿಯ ಪಾದ ಹಾಕಿಸಿಕೊಂಡವರು ಊರಿಗೆ ಹೋಗಿ ಅದನ್ನು ಕಳಚಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ತಪ್ಪು ರೋಗಿಯದಲ್ಲ. ಆ ಪಾದವನ್ನು ಮಾಡಿದ್ದೇ ಬೂಟು ಹಾಕಿ ಕುರ್ಚಿಯ ಮೇಲೆ ಕೂರುವವರಿಗೆ. ಅದರಲ್ಲಿ ಕುಕ್ಕರಗಾಲಿನಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯಲಾಗದು.

ಅದೇ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಇದ್ದರು. ಎಲ್ಲರಿಗೂ ಅವರು ಮಾಸ್ಟರ್‌ಜಿ. ಹೆಚ್ಚು ಓದಿದವರಲ್ಲ, ಆದರೆ ಕೈಯಲ್ಲಿ ಕಲೆಯಿತ್ತು. ಟಯರ್ ರಿಪೇರಿ ಅಂಗಡಿಯಲ್ಲಿ ರಬ್ಬರನ್ನು ಅಚ್ಚಿಗೆ ಹಾಕಿ ಬೇಯಿಸುವುದನ್ನು ನೋಡಿ ಅವರಿಗೆ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಸ್ಪಂಜಿನಂಥ ರಬ್ಬರು ಮತ್ತು ಮರದ ತುಂಡುಗಳನ್ನು ಜೋಡಿಸಿ, ಮೇಲೆ ಗಟ್ಟಿ ರಬ್ಬರು ಸುತ್ತಿ, ಅಚ್ಚಿನಲ್ಲಿ ಬೇಯಿಸಿದರು. ಎಲ್ಲ ದಿಕ್ಕಿಗೂ ಬಾಗುವ, ನೀರಿಗೆ ಹೆದರದ, ಬೆರಳುಗಳಿರುವ, ನಮ್ಮ ಜನರ ಮೈಬಣ್ಣದ ಪಾದ ಹೊರಬಂತು. ಇದೇ 1968ರ ಜೈಪುರ ಕಾಲು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಷ್ಟು ಒಳ್ಳೆಯ ಕಾಲು ಮನೆಮಾತಾಗಿದ್ದು ನಮಗೆಲ್ಲ ಗೊತ್ತು. ಆದರೆ ಮೊದಲ ಏಳು ವರ್ಷಗಳಲ್ಲಿ ಅದು ಸಿಕ್ಕಿದ್ದು 60ಕ್ಕೂ ಕಡಿಮೆ ಜನರಿಗೆ. ಪಾದ ತಯಾರಿತ್ತು, ಅದನ್ನು ಬೇಕಾದವರಿಗೆ ಮುಟ್ಟಿಸುವ ವ್ಯವಸ್ಥೆ ಇರಲಿಲ್ಲ. 1975ರಲ್ಲಿ ಡಿ.ಆರ್. ಮೆಹ್ತಾ ಎಂಬ ಐಎಎಸ್ ಅಧಿಕಾರಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಟ್ಟಿದರು. ಅವರೂ ಒಂದು ಅಪಘಾತದಲ್ಲಿ ಕಾಲು ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದವರು. ಸಮಿತಿಯ ಬಾಗಿಲಿಗೆ ಯಾವ ಹೊತ್ತಿನಲ್ಲಿ ಬಂದರೂ ಒಳಗೆ ಸೇರಿಸಿಕೊಳ್ಳುತ್ತಾರೆ; ಊಟ, ಉಳಿಯಲು ಜಾಗ, ಕಾಲು, ಎಲ್ಲವೂ ಉಚಿತ. ಅಲ್ಲಿಂದ ಫಲಾನುಭವಿಗಳ ಸಂಖ್ಯೆ ಲಕ್ಷಗಳಿಗೆ ಏರಿತು. ಪಾದ ಹಳೆಯದೇ, ವ್ಯವಸ್ಥೆ ಹೊಸದು.

ಸರ್ಕಾರವೂ ಕೈಕಟ್ಟಿ ಕೂರಲಿಲ್ಲ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಅಲಿಮ್ಕೋ ಕಾರ್ಖಾನೆ ದುರ್ಬಲ ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್, ಊರುಗೋಲು, ತ್ರಿಚಕ್ರ ಸೈಕಲ್‌ಗಳನ್ನು ಮಾಡತೊಡಗಿತು. 1981ರಲ್ಲಿ ಇವನ್ನು ಬಡವರಿಗೆ ಹಂಚುವ ಯೋಜನೆ ಬಂತು, ಊರೂರಲ್ಲಿ ಶಿಬಿರಗಳಾದವು. ದೂರದ ಹಳ್ಳಿಯವರ ತನಕ ಸಾಧನ ತಲುಪಿದ್ದು ಇದೇ ಶಿಬಿರಗಳಿಂದ. ಆದರೆ ಶಿಬಿರ ಮುಗಿದ ಮೇಲೆ ಶಾಮಿಯಾನ ಬಿಚ್ಚುತ್ತಾರೆ. ಮೂರನೇ ತಿಂಗಳಲ್ಲಿ ಕ್ಯಾಲಿಪರಿನ ಕೀಲು ಮುರಿದರೆ ಹೋಗುವುದೆಲ್ಲಿಗೆ?

ಇದೇ ಪ್ರಶ್ನೆ ಪರದೇಶಗಳಲ್ಲೂ ಎದ್ದಿತ್ತು. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 1979ರಲ್ಲಿ ಯುದ್ಧಪೀಡಿತ ದೇಶಗಳಲ್ಲಿ ಕೃತಕ ಅವಯವಗಳ ಕೆಲಸ ಶುರುಮಾಡಿತು. ಯುದ್ಧ ಮುಗಿದು ತಾನು ಹೊರಟರೆ ಕಾರ್ಯಾಗಾರಗಳ ಗತಿ ಏನು ಎಂದು ಯೋಚಿಸಿ 1983ರಲ್ಲಿ ಅದಕ್ಕೆಂದೇ ಬೇರೆ ನಿಧಿ ಸ್ಥಾಪಿಸಿತು. ದುಬಾರಿ ಆಮದು ಸಾಮಗ್ರಿಗಳ ಬದಲು, ಬಿಸಿಮಾಡಿ ಬೇಕಾದ ಆಕಾರಕ್ಕೆ ತರಬಹುದಾದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕನ್ನು ಬಳಕೆಗೆ ತಂದಿತು. ಅದರ ಕಾಬೂಲ್ ಕೇಂದ್ರದಲ್ಲಿ ಇಟಲಿಯ ಫಿಸಿಯೋಥೆರಪಿಸ್ಟ್ ಆಲ್ಬರ್ಟೋ ಕೈರೋ 1990ರಿಂದ ದುಡಿದವರು. ಅಲ್ಲಿ ಕಾಲು ಮಾಡುವವರು, ನಡೆಯಲು ಕಲಿಸುವವರು, ಹೆಚ್ಚುಕಡಿಮೆ ಎಲ್ಲರೂ ಅಂಗವಿಕಲರೇ. ನಿನ್ನೆ ರೋಗಿಯಾಗಿ ಬಂದವರು ಇಂದು ಕೆಲಸಗಾರರು. ಸಾಕೆಟ್ ಎಲ್ಲಿ ಚುಚ್ಚುತ್ತದೆ ಎಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕೃತಕ ಕಾಲಿಗಷ್ಟೇ ಅಲ್ಲ, ಗಾಲಿ ಕುರ್ಚಿಗೂ ಇದೇ ಮಾತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಾಲಿ ಕುರ್ಚಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದು ಹೇಳುವ ಹಂತಗಳು ಎಂಟು: ವ್ಯಕ್ತಿಯನ್ನು ಗುರುತಿಸಿ ಕಳಿಸುವುದು, ಪರೀಕ್ಷಿಸುವುದು, ಎಂಥ ಕುರ್ಚಿ ಬೇಕೆಂದು ತೀರ್ಮಾನಿಸುವುದು, ಹಣ ಹೊಂದಿಸುವುದು, ಕುರ್ಚಿ ಸಿದ್ಧಪಡಿಸುವುದು, ಮೈಗೆ ಹೊಂದಿಸುವುದು, ಬಳಸಲು ಕಲಿಸುವುದು, ಕೊನೆಗೆ ರಿಪೇರಿ ಮತ್ತು ಮರುಭೇಟಿ. ನಮ್ಮ ಸಭೆಗಳಲ್ಲಿ ಚಪ್ಪಾಳೆ ಬೀಳುವುದು ಕುರ್ಚಿ ಕೈಗಿಡುವ ಒಂದು ಗಳಿಗೆಗೆ ಮಾತ್ರ.

ಕರ್ನಾಟಕದ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ 1959ರಲ್ಲೇ ಎನ್.ಎಸ್. ಹೇಮಾ ಅವರು, ಸ್ವತಃ ಪೋಲಿಯೋ ಪೀಡಿತರು, ಅಂಗವಿಕಲರ ಸಂಸ್ಥೆ ಕಟ್ಟಿದರು. 1994ರಲ್ಲಿ ಅದೇ ನಗರದಲ್ಲಿ ಮೊಬಿಲಿಟಿ ಇಂಡಿಯಾ ಆರಂಭವಾಯಿತು. ಸಾಧನ ಒದಗಿಸುವುದರ ಜೊತೆಗೆ ಸಾಧನ ಮಾಡುವವರನ್ನೇ ತಯಾರುಮಾಡುವುದು ಅದರ ದಾರಿ. ಹೊರದೇಶಗಳಿಂದಲೂ ಅಲ್ಲಿಗೆ ಕಲಿಯಲು ಬರುತ್ತಾರೆ. ಇನ್ನು ಹಳ್ಳಿಗಳಲ್ಲಿ ನಮ್ಮ ರಾಜ್ಯದ ವಿಶೇಷವೊಂದಿದೆ. ಗ್ರಾಮ ಪಂಚಾಯಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರಲ್ಲಿ ಬಹುತೇಕರು ಅಂಗವಿಕಲರೇ. ಪಿಂಚಣಿ, ಗುರುತಿನ ಚೀಟಿಯ ಅರ್ಜಿಗಳನ್ನು ಹೊತ್ತು ಮನೆಮನೆಗೆ ಓಡಾಡುವವರು ಇವರು. ಕೈಗೆ ಬರುವುದು ಅಲ್ಪ ಗೌರವಧನ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಚಲನೆಯ ತೊಂದರೆಯಿರುವವರೇ ಸುಮಾರು 54 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪುನರ್ವಸತಿಯನ್ನು ದಾನದ ಪಟ್ಟಿಯಿಂದ ತೆಗೆದು ಹಕ್ಕಿನ ಪಟ್ಟಿಗೆ ಸೇರಿಸಿದೆ. ಪೋಲಿಯೋ ಹೋಯಿತು, ದೇಶದ ಕೊನೆಯ ಪ್ರಕರಣ 2011ರ ಜನವರಿಯದು. ಆದರೆ ಸಕ್ಕರೆ ಕಾಯಿಲೆ, ರಸ್ತೆ ಅಪಘಾತ, ಪಾರ್ಶ್ವವಾಯು ಹೋಗಿಲ್ಲ. ಬೇಡಿಕೆ ಕಡಿಮೆಯಾಗುವ ಲಕ್ಷಣವಿಲ್ಲ.

ಹಾಗಾದರೆ ಮುಂದಿನ ಹೆಜ್ಜೆ ಯಾವುದು? ಪ್ರತಿ ತಾಲ್ಲೂಕಿನಲ್ಲಿ ಒಂದು ಸಣ್ಣ ರಿಪೇರಿ ಕಾರ್ಯಾಗಾರ, ಅದರಲ್ಲಿ ಸಂಬಳ ಪಡೆಯುವ ತರಬೇತಿಯಾದ ತಂತ್ರಜ್ಞ. ಸಾಧನ ಪಡೆದವರ ಮನೆಗೆ ಹೋಗಿ ಅದು ಬಳಕೆಯಲ್ಲಿದೆಯೇ ಎಂದು ನೋಡಿ ಬರೆದುಕೊಳ್ಳುವ ಪುನರ್ವಸತಿ ಕಾರ್ಯಕರ್ತ. ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇಕಡಾ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮ ಆಗಲೇ ಇದೆ. ಆ ಹಣದ ಒಂದು ಪಾಲು ರಿಪೇರಿಗೂ ಹೋಗಲಿ ಎಂದು ಗ್ರಾಮಸಭೆಯಲ್ಲಿ ಕೇಳುವುದು ಕಷ್ಟದ ಕೆಲಸವಲ್ಲ. ನಿಮ್ಮೂರಿನಲ್ಲಿ ಯಾರಾದರೂ ಗಾಲಿ ಕುರ್ಚಿ ದಾನ ಮಾಡಲು ಬಂದರೆ ಸಂತೋಷದಿಂದ ಸ್ವೀಕರಿಸಿ. ಜೊತೆಗೆ, ಗಾಲಿ ಕಿತ್ತುಹೋದರೆ ಯಾರಿಗೆ ಹೇಳಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ.