ಆಡದೆ ಬಿಟ್ಟ ಪಂದ್ಯ ಮತ್ತು ನಮ್ಮ ಮನೆಯ ವರ್ಣಭೇದ

(ಚೆನ್ನೈಯ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ನಾವು ನೆಲೆಸಿರುವ ಈ ನಗರಕ್ಕೆ ವರ್ಣಭೇದದ ವಿರುದ್ಧದ ಹೋರಾಟದಲ್ಲಿ ಒಂದು ಪಾಲಿದೆ. 1974ರಲ್ಲಿ ಭಾರತದ ಟೆನಿಸ್ ತಂಡವು ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಡೇವಿಸ್ ಕಪ್ಪಿನ ಅಂತಿಮ ಸುತ್ತನ್ನು ಪ್ರವೇಶಿಸಿತು. ಈ ಊರಿನ ಸಹೋದರರಾದ ವಿಜಯ್ ಮತ್ತು ಆನಂದ್ ಅಮೃತರಾಜ್ ಆ ತಂಡದ ಆಧಾರಸ್ತಂಭಗಳು. ಎದುರಾಳಿ ದಕ್ಷಿಣ ಆಫ್ರಿಕಾ. ಮೈಬಣ್ಣದಿಂದಲೇ ಮನುಷ್ಯರ ಹಕ್ಕುಗಳನ್ನು ಅಳೆಯುತ್ತಿದ್ದ ಆ ದೇಶದೊಡನೆ ಭಾರತವು 1946ರಲ್ಲಿಯೇ ವ್ಯಾಪಾರವನ್ನು ನಿಲ್ಲಿಸಿತ್ತು. ಈಗ ಪಂದ್ಯವನ್ನೂ ಆಡಲೊಪ್ಪಲಿಲ್ಲ. ಒಂದು ಚೆಂಡನ್ನೂ ಹೊಡೆಯದೆ ಕಪ್ಪು ದಕ್ಷಿಣ ಆಫ್ರಿಕಾದ ಪಾಲಾಯಿತು.

ನಿರ್ಧಾರ ದೇಶದ್ದು, ಬೆಲೆ ತೆತ್ತವರು ಆಟಗಾರರು. ಆಗ ವಿಜಯ್ ಅವರಿಗೆ ಇಪ್ಪತ್ತರ ಹರೆಯ. 1987ರಲ್ಲಿ ಮತ್ತೆ ಅಂತಿಮ ಸುತ್ತನ್ನು ತಲುಪಿದರೂ ಸ್ವೀಡನ್ನಿನೆದುರು ಸೋಲಾಯಿತು. ಆ ಕಪ್ಪು ಇಂದಿಗೂ ಭಾರತಕ್ಕೆ ದಕ್ಕಿಲ್ಲ.

1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕವೇದಿಕೆಯ ಮೇಲೆ ತಲೆಬಾಗಿ, ಕಪ್ಪು ಕೈಗವಸಿನ ಮುಷ್ಟಿಯನ್ನು ಮೌನವಾಗಿ ಎತ್ತಿ ನಿಂತರು. ಅದಕ್ಕಾಗಿ ಅವರನ್ನು ಕ್ರೀಡಾಕೂಟದಿಂದ ಹೊರಕಳುಹಿಸಲಾಯಿತು. ಅನ್ಯರಿಗೆ ನೋವುಂಟುಮಾಡದೆ, ನಷ್ಟವನ್ನು ತಾನೇ ಹೊರುವುದು ಶಾಂತಿಯುತ ಪ್ರತಿಭಟನೆಯ ಲಕ್ಷಣ.

ದೂರದ ವರ್ಣಭೇದವನ್ನು ಖಂಡಿಸುವುದು ಸುಲಭ. ಮನೆಯೊಳಗಿನದು ಕಾಣುವುದು ಕಷ್ಟ. 2017ರ ಆಗಸ್ಟಿನಲ್ಲಿ ಇದೇ ಚೆನ್ನೈಯ ಕ್ರಿಕೆಟಿಗ ಅಭಿನವ್ ಮುಕುಂದ್, ಭಾರತ ತಂಡದಲ್ಲಿದ್ದಾಗಲೇ, ಬಾಲ್ಯದಿಂದಲೂ ತಮ್ಮ ಮೈಬಣ್ಣಕ್ಕಾಗಿ ಕೇಳಿದ ಕೊಂಕುಮಾತುಗಳ ಬಗ್ಗೆ ಬಹಿರಂಗವಾಗಿ ಬರೆದರು. ಅವರನ್ನು ನೋಯಿಸಿದ್ದು ಯಾವ ವಿದೇಶೀ ಸರ್ಕಾರವೂ ಅಲ್ಲ. ನಮ್ಮಂಥ ಜನರ ನಾಲಗೆ.

2020ರಲ್ಲಿ ಪ್ರಸಿದ್ಧ ಬಿಳುಪಿನ ಕ್ರೀಮೊಂದು ತನ್ನ ಹೆಸರನ್ನಾದರೂ ಬದಲಿಸಿಕೊಂಡಿತು. ನಮ್ಮ ವಧೂವರರ ಬಯೋಡೇಟಾಗಳಲ್ಲಿ ಮಾತ್ರ ‘ಬಣ್ಣ’ ಎಂಬ ಕಾಲಂ ಹಾಗೆಯೇ ಉಳಿದಿದೆ: ಬಿಳುಪು, ಗೋಧಿಬಣ್ಣ, ಎಣ್ಣೆಗೆಂಪು. ‘ಕಪ್ಪು’ ಎಂದು ಬರೆಯಲು ಯಾವ ತಂದೆಗೂ ಕೈ ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದನ್ನು ಆ ಮಗಳು ಚೆನ್ನಾಗಿ ಅರಿತಿರುತ್ತಾಳೆ.

“ಅದು ಅವರವರ ಅಭಿರುಚಿ, ದ್ವೇಷವಲ್ಲ” ಎನ್ನುವವರಿದ್ದಾರೆ. ಇರಬಹುದು. ಆದರೆ ದ್ವೇಷವಿಲ್ಲದೆ ಆಡಿದ ಮಾತೂ ನೋಯಿಸಬಲ್ಲದು. ಭಾಷಾಸಮಿತಿಯನ್ನು ಬೋಧಿಸುವ ಪರಂಪರೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ವಿನಂತಿ ಒಂದೇ. ಮುಂದಿನ ವಧೂವರ ಸಮಾವೇಶದ ಅರ್ಜಿಯಿಂದ ‘ಬಣ್ಣ’ದ ಕಾಲಂ ತೆಗೆದುಹಾಕೋಣ. ಯಾರಾದರೂ ಕೇಳಿದರೆ ಉತ್ತರಿಸದಿರೋಣ. ಇದರಿಂದ ಒಂದೆರಡು ಸಂಬಂಧಗಳು ಕೈತಪ್ಪಬಹುದು, ತಪ್ಪಲಿ. ಇಪ್ಪತ್ತರ ತರುಣನೊಬ್ಬನ ಕೈಯಿಂದ ವಿಶ್ವದ ಕಪ್ಪೇ ತಪ್ಪಿಹೋಯಿತು. ನಮಗಾಗುವ ನಷ್ಟ ಅದಕ್ಕಿಂತ ದೊಡ್ಡದಲ್ಲ.

ಜೈ ಜಿನೇಂದ್ರ.