ಭಯದ ಕಥೆ, ಅಭಯದ ದನಿ



ಮೈಸೂರಿನಿಂದ ನಂಜನಗೂಡಿಗೆ ಸಾಗುವ ಹೆದ್ದಾರಿಯಲ್ಲಿ ಮಂಡಕಳ್ಳಿಯೆಂಬ ಗ್ರಾಮವುಂಟು. ವಿಮಾನ ನಿಲ್ದಾಣದಿಂದಾಗಿ ಅದರ ಹೆಸರು ದೂರದವರಿಗೂ ವಿದಿತವಾಗಿದೆ. ಆದರೆ ಮಲೆಯ ಮಾದೇಶ್ವರನ ಗುಡ್ಡರು ಕಂಸಾಳೆ ಬಡಿದು ಕಥೆಯೊರೆದ ಸೀಮೆಯೂ ಇದೇ ಆಗಿದೆ.

ಇಷ್ಟಲಿಂಗವೊಂದನ್ನೇ ನಂಬಿ, ಭೂತಪ್ರೇತಗಳ ಭಯವನ್ನು ತೊರೆಯಿರೆಂದು ಬೋಧಿಸಿದವರು ಶರಣರು. ಅಂಥ ಪರಂಪರೆಯವರು ಅಸುರರ, ದೆವ್ವಗಳ ಕಥೆಗಳನ್ನು ಕಾಪಾಡುವುದು ಯುಕ್ತವೇ? ಭಕ್ತರ ಮನದಲ್ಲಿ ಏಳತಕ್ಕ ಪ್ರಶ್ನೆಯಿದು.

ಇದಕ್ಕೆ ಉತ್ತರವು ಆ ಕಥೆಯೊಳಗೇ ಇದೆ. ಕಪಿಲೆಯ ದಡದ ಸುತ್ತೂರು ಮಠಕ್ಕೆ ಬಂದ ಬಾಲಕ ಮಾದೇಶ್ವರನು ಅಲ್ಲಿ ರಾಗಿ ಬೀಸಿದನೆಂದು ಗುಡ್ಡರು ಹಾಡುತ್ತಾರೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣನೆಂಬ ಅಸುರದೊರೆಗೆ ಅರಗಿನ ಪಾದರಕ್ಷೆಯನ್ನು ಮೆಟ್ಟಿಸಿ ಸಂಹರಿಸಿದವನೂ ಆತನೇ. ಬೀಸುವ ಕಲ್ಲಿನ ಮುಂದೆ ಕುಳಿತು ದುಡಿದ ಕೈಯೇ ಲೋಕದ ಭೀತಿಯನ್ನು ನೀಗಿತು. ಕೇಳುವವರನ್ನು ಮೊದಲು ನಡುಗಿಸಿ, ಕಡೆಗೆ ಅಭಯವನ್ನೀಯುವುದೇ ಈ ಕಥೆಯ ಮರ್ಮ. ಇದನ್ನು ಕಾಪಾಡುವುದು ಭೂತಾರಾಧನೆಯಲ್ಲ.

ಪಾಠಶಾಲೆಗಳಲ್ಲಿ ಪಳಗಿದ ಪಂಡಿತರು ಇಂಥ ಹಾಡುಗಳನ್ನು ಗ್ರಾಮ್ಯವೆಂದು ಬದಿಗೊತ್ತಿದ್ದುಂಟು. ಅವರು ಕಡೆಗಣಿಸಿದ್ದನ್ನು ಕೈಗೆತ್ತಿಕೊಂಡವರು ಜಾನಪದ ವಿದ್ವಾಂಸರು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು, ಜೀ.ಶಂ. ಪರಮಶಿವಯ್ಯನವರು ಅದಕ್ಕಾಗಿ ಶ್ರಮಿಸಿದವರು. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಮಹಾಕಾವ್ಯವನ್ನು ಗಾಯಕರ ಬಾಯಿಂದ ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲದೆ, ಜನಪದ ಗೀತೆಗಳನ್ನು ತಾವೇ ವೇದಿಕೆಯೇರಿ ಹಾಡಿದರು.

ಈ ಎರಡನೆಯ ಕಾರ್ಯವು ಮೊದಲನೆಯದಕ್ಕಿಂತ ಕಿರಿದಲ್ಲ. ಅಚ್ಚಾದ ಪುಟದಲ್ಲಿ ಮಾತು ಉಳಿಯುತ್ತದೆ; ಕಂಸಾಳೆಯ ಲಯ, ಹಿಮ್ಮೇಳದವರ ಸೊಲ್ಲು, ಅಸುರನ ಹೆಸರು ಬಂದೊಡನೆ ತಗ್ಗುವ ದನಿ ಉಳಿಯುವುದಿಲ್ಲ. ಓದಿದವನು ಕಥೆಯನ್ನರಿಯುತ್ತಾನೆ, ಕೇಳಿದವನು ನಡುಗಿ, ಅನಂತರ ಧೈರ್ಯಗೊಳ್ಳುತ್ತಾನೆ. ಗುಡ್ಡನ ಮಗನು ಕಂಸಾಳೆ ಹಿಡಿಯದಿದ್ದರೆ ಪುಸ್ತಕವಿದ್ದೂ ಕಥೆ ಮೂಕವಾದೀತು.

ಆದುದರಿಂದ ಭಕ್ತರು ಮಾಡತಕ್ಕದ್ದು ಕಷ್ಟದ್ದೇನಲ್ಲ. ಶಿವರಾತ್ರಿಯ ಜಾಗರಣೆಗೆ ಗುಡ್ಡರನ್ನು ಮಠದ ಅಂಗಳಕ್ಕೆ ಆದರದಿಂದ ಕರೆಯಿರಿ. ಅವರ ನುಡಿಯನ್ನು ತಿದ್ದಲು ಹೋಗದಿರಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ. ಅಂಜಿದ ಮಗು ಬೆಳಗಿನ ಜಾವದಲ್ಲಿ ಅಂಜಿಕೆಯನ್ನು ನೀಗಿ ಮನೆಗೆ ಹೋಗಲಿ. ದಾಸೋಹದಷ್ಟೇ ಪುಣ್ಯದ ಕಾರ್ಯವಿದು.