ಕಿವಿಗೆ ಹಾಕಿದ ಕಾವಲು

ರೇಡಿಯೋ ಪೆಟ್ಟಿಗೆ ಮೊದಲ ಸಲ ಮನೆಗೆ ಬಂದ ದಿನದ ಸಂಭ್ರಮ ನಿಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು. ಅಂಥದೇ ಸಂಭ್ರಮದಿಂದ ಜರ್ಮನಿಯ ಲಕ್ಷಾಂತರ ಸಂಸಾರಗಳು ಬರಮಾಡಿಕೊಂಡ ಒಂದು ಪೆಟ್ಟಿಗೆಯ ಕಥೆಯನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಹಿಟ್ಲರನು ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು. ಮಾರ್ಚಿಯಲ್ಲಿ ಗೋಬೆಲ್ಸನು ಪ್ರಚಾರ ಮಂತ್ರಿಯಾದನು. 'ಪ್ರಚಾರ' ಎಂಬ ಮಾತಿಗೆ ಸಂಸ್ಕೃತದಲ್ಲಿ ಅಡ್ಡಾಡುವುದು ಎಂದರ್ಥ. ದನ ಮೇಯುವ ಬಯಲಿಗೂ ಆ ಹೆಸರುಂಟು. ಗೋಬೆಲ್ಸನು ಆ ಬಯಲನ್ನೇ ಮನೆಯೊಳಕ್ಕೆ ತಂದನೆನ್ನಬೇಕು. ಆಗಸ್ಟಿನಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ 'ಜನತಾ ರೇಡಿಯೋ' ಮಾರಾಟಕ್ಕೆ ಬಂದಿತು. ಬೆಲೆ 76 ಮಾರ್ಕು. ಅದಕ್ಕಿಟ್ಟ ಸಂಖ್ಯೆ 301, ಅಂದರೆ 30ನೆಯ ತಾರೀಖು, 1ನೆಯ ತಿಂಗಳು. ಹಿಟ್ಲರನು ಪಟ್ಟಕ್ಕೇರಿದ ದಿನ! 1938ರಲ್ಲಿ ಇನ್ನೂ ಚಿಕ್ಕದೊಂದು 35 ಮಾರ್ಕಿಗೇ ದೊರೆಯಿತು. ಹತ್ತಿರದ ನಿಲಯ ಅದರಲ್ಲಿ ಸೊಗಸಾಗಿ ಕೇಳಿಸುತ್ತಿತ್ತು; ಪರದೇಶದ ನಿಲಯವನ್ನು ಹಿಡಿಯಬೇಕಾದರೆ ರಾತ್ರಿಯ ಹೊತ್ತು ಸಾಕಷ್ಟು ತಾಳ್ಮೆ ಬೇಕಾಗಿತ್ತು.

ಹಗಲಿರುಳೂ ಭಾಷಣವನ್ನೇ ಬಿತ್ತರಿಸಿದರೆಂದು ನಾವು ತಿಳಿಯಬಾರದು. ಗೋಬೆಲ್ಸನು ಮಹಾ ಜಾಣ. ಕೇಳುಗರಿಗೆ ಬೇಸರ ಮಾತ್ರ ಹಿಡಿಸಬೇಡಿರೆಂದು ರೇಡಿಯೋ ಅಧಿಕಾರಿಗಳಿಗೆ ಮೊದಲಲ್ಲೇ ತಾಕೀತು ಮಾಡಿದ್ದನು. ಆದ್ದರಿಂದ ಹಾಡು, ವಾದ್ಯ, ವಿನೋದ ಯಥೇಚ್ಛ. ಯುದ್ಧ ಶುರುವಾದ ಮೇಲೆ ಭಾನುವಾರಗಳಲ್ಲಿ ಸೈನಿಕರು ಬಯಸಿದ ಗೀತೆಗಳ ಕಾರ್ಯಕ್ರಮವೊಂದಿತ್ತು. ರಣರಂಗಕ್ಕೂ ಮನೆಗೂ ನಡುವೆ ಕ್ಷೇಮಸಮಾಚಾರ ಓಡಾಡುತ್ತಿತ್ತು. ಮಗನ ಹೆಸರು ಬಂದೀತೆಂದು ಕಾದು ಕುಳಿತ ತಾಯಿ ಪೆಟ್ಟಿಗೆಯನ್ನು ನಿಲ್ಲಿಸುವುದುಂಟೆ? ಹೀಗೆ ತೆರೆದ ಕಿವಿಯೊಳಕ್ಕೆ ಉಳಿದದ್ದೂ ಹೊಕ್ಕಿತು.

1939ರ ಸೆಪ್ಟೆಂಬರ್ 1, ಪೋಲೆಂಡಿನ ಮೇಲೆ ದಾಳಿಯಾದ ದಿನ, ಪರದೇಶದ ರೇಡಿಯೋ ಕೇಳುವುದನ್ನು ಅಪರಾಧವೆಂದು ಸಾರಿದರು. ಕೇಳಿದವರಿಗೆ ಸೆರೆಮನೆ, ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಿ ಹರಡಿದರೆ ಮರಣದಂಡನೆಯೂ ಆಗಬಹುದಾಗಿತ್ತು. ಅದನ್ನು ನೆನಪಿಸುವ ರಟ್ಟಿನ ಚೀಟಿಯೊಂದನ್ನು ರೇಡಿಯೋದ ತಿರುಪಿಗೇ ತಗುಲಿಹಾಕುತ್ತಿದ್ದರು. ಆದರೂ ಜನ ತಲೆಯ ಮೇಲೆ ಕಂಬಳಿ ಎಳೆದುಕೊಂಡು ಲಂಡನ್ ಕೇಳಿದರು. ಕೇಳಿ ಮುಗಿದೊಡನೆ ಮುಳ್ಳನ್ನು ಮತ್ತೆ ಸ್ವದೇಶದ ನಿಲಯಕ್ಕೆ ತಿರುಗಿಸಿಡುತ್ತಿದ್ದರು. ಪಕ್ಕದ ಮನೆಯವರ ಭಯವಂತೂ ಸರಿಯೇ. ಮನೆಯ ಮಕ್ಕಳು ಶಾಲೆಯಲ್ಲಿ ಬಾಯಿಬಿಟ್ಟಾರೆಂಬ ಭಯವೂ ಇತ್ತು. ಮೇಷ್ಟರಾದ ನನಗೆ ಈ ಮಾತು ಮುಳ್ಳಿನಂತೆ ಚುಚ್ಚುತ್ತದೆ.

1943ರ ಫೆಬ್ರವರಿ 3ರಂದು ಜರ್ಮನ್ ರೇಡಿಯೋದಲ್ಲಿ ಭೇರಿಯ ಶಬ್ದ, ಬಳಿಕ ಶೋಕಸಂಗೀತ. ಸ್ಟಾಲಿನ್‌ಗ್ರಾಡಿನಲ್ಲಿ ಆರನೆಯ ಸೈನ್ಯವು ಕಡೆಯ ಉಸಿರಿನವರೆಗೆ ಕಾದಿ ಮಡಿಯಿತೆಂಬ ಘೋಷಣೆ. ನಿಜವೇನು? ಸುಮಾರು 90,000 ಮಂದಿ ಸೆರೆ ಸಿಕ್ಕಿದ್ದರು. ಆ ಸಂಗತಿಯನ್ನು ಅವರ ಮನೆಯವರಿಗೂ ತಿಳಿಸಲಿಲ್ಲ. ವೀರಮರಣದ ಕಥೆಗೆ ಜೀವಂತ ಸೈನಿಕನು ಅಡ್ಡಿ.

ಆದರೆ ಮಾಸ್ಕೋ ರೇಡಿಯೋ ಸೆರೆಯಾಳುಗಳ ಹೆಸರುಗಳನ್ನು ಓದುತ್ತಿತ್ತು. ಅದೂ ಪ್ರಚಾರವೇ, ಅಲ್ಲಿನ ಸರ್ವಾಧಿಕಾರಿಗೂ ಜರ್ಮನರ ಕಿವಿ ಬೇಕಾಗಿತ್ತು. ಹೆಸರುಗಳು ಮಾತ್ರ ನಿಜ. ಕದ್ದು ಕೇಳಿದವರಲ್ಲಿ ಕೆಲವರು ಪ್ರಾಣದ ಹಂಗು ತೊರೆದು, ಗುರುತು ಪರಿಚಯವಿಲ್ಲದ ಆ ಮನೆಗಳಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದರು. ಮಗ ಬದುಕಿದ್ದಾನೆಂದು ತಿಳಿದ ತಾಯಿ ನೆರೆಯವರಿಗೆ ಸಕ್ಕರೆ ಹಂಚುವಂತಿರಲಿಲ್ಲ. ನಿನಗೆ ಯಾರು ಹೇಳಿದರೆಂದು ಕೇಳಿದರೆ, ಆಕೆ ಹೇಳುವುದೇನು?